ರಕ್ತ ಕಂಡರೆಲ್ಲ ಮೂಲವ್ಯಾಧಿಯೇ?

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆ ಮಲದಲ್ಲಿ ರಕ್ತ ಕಂಡರೆ, ವೈದ್ಯರು ನೋಡುವ ಮೊದಲೇ ಮನೆಯಲ್ಲಿ ತೀರ್ಮಾನವಾಗಿರುತ್ತದೆ: ಒಂದೋ ‘ಉಷ್ಣ ಆಗಿದೆ’, ಇಲ್ಲವೇ ‘ಪೈಲ್ಸ್ ಇರಬೇಕು’. ಉಷ್ಣಕ್ಕೆ ಮಜ್ಜಿಗೆ, ಎಳನೀರು. ಪೈಲ್ಸ್‌ಗೆ ಮೆಡಿಕಲ್ ಸ್ಟೋರಿನಿಂದ ತಂದ ಮುಲಾಮು. ಯಾರೂ ಪರೀಕ್ಷಿಸದೆ ಕೊಡುವ ಈ ತೀರ್ಪನ್ನು, ಅದರಲ್ಲಿಯೂ ನಲವತ್ತೈದು ದಾಟಿದವರ ವಿಷಯದಲ್ಲಿ, ನಾನು ಒಪ್ಪುವುದಿಲ್ಲ.

ಮೊದಲನೆಯದಾಗಿ, ಗುದದ್ವಾರದ ಕಾಯಿಲೆಗಳೇ ಒಂದಲ್ಲ. ಅಲ್ಲಿನ ರಕ್ತನಾಳಗಳು ಉಬ್ಬಿ ಕೆಳಗೆ ಸರಿಯುವುದು ಮೂಲವ್ಯಾಧಿ. ಅದು ಒಳಗಡೆ ಇದ್ದಾಗ ರಕ್ತ ಬೀಳುತ್ತದೆಯೇ ಹೊರತು ಸಾಮಾನ್ಯವಾಗಿ ನೋವಿರುವುದಿಲ್ಲ. ಮಲ ಹೋಗುವಾಗ ಬ್ಲೇಡಿನಿಂದ ಕೊಯ್ದಂತೆ ನೋವಾದರೆ ಅದು ಬಹುತೇಕ ಫಿಷರ್, ಅಂದರೆ ಬಿರುಕು. ಪಕ್ಕದಲ್ಲಿ ಕೀವು ಕಟ್ಟಿ, ಒಡೆದು, ವಾಸಿಯಾಯಿತೆನ್ನುವಷ್ಟರಲ್ಲಿ ಮತ್ತೆ ಒಸರುವುದು ಫಿಸ್ಟುಲಾ, ಆಯುರ್ವೇದದವರ ಭಗಂದರ. ಕೆಲವೊಮ್ಮೆ ಇದರ ಹಿಂದೆ ಕರುಳಿನ ಕ್ಷಯವೋ, ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರಾನ್ಸ್ ಕಾಯಿಲೆಯೋ ಇರುವುದುಂಟು. ಗೋಡೆಯ ಮೇಲಿನ ಜಾಹೀರಾತುಗಳು ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ಮೂರಕ್ಕೂ ಗ್ಯಾರಂಟಿ ಕೊಡುತ್ತವೆ.

ಇನ್ನು ರಕ್ತ ಮೇಲಿನಿಂದಲೂ ಬರಬಹುದು. ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿನಲ್ಲಿ ಎಲ್ಲಿ ಬೇಕಾದರೂ ಹುಣ್ಣು, ಪಾಲಿಪ್ (ಒಳಗೋಡೆಯಲ್ಲಿ ಮೂಡುವ ಸಣ್ಣ ಗಂಟು) ಅಥವಾ ಗಡ್ಡೆ ಇರಬಹುದು. ಲೋಳೆಯೊಡನೆ ರಕ್ತಭೇದಿ ಕೆಲವೇ ದಿನ ಇದ್ದರೆ ಆಮಶಂಕೆಯಾಗಿರಬಹುದು. ವಾರಗಟ್ಟಲೆ ಎಳೆದರೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರ ಉರಿದು ಹುಣ್ಣಾಗುವ ಕಾಯಿಲೆ, ಇದೆಯೇ ಎಂದು ನೋಡಬೇಕಾಗುತ್ತದೆ, ಮತ್ತು ಅದು ಚಿಕ್ಕ ವಯಸ್ಸಿನವರಿಗೂ ಬರುವಂಥದ್ದು.

‘ಮುಲಾಮು ಹಚ್ಚಿದೆ, ನಿಂತುಹೋಯಿತು, ಆದ್ದರಿಂದ ಪೈಲ್ಸೇ’ ಎನ್ನುವ ತರ್ಕ ನನಗೆ ಎಲ್ಲಕ್ಕಿಂತ ಅಪಾಯಕಾರಿಯಾಗಿ ತೋರುತ್ತದೆ. ಮೂಲವ್ಯಾಧಿಯ ರಕ್ತ ಕೆಲವು ದಿನ ಕಾಣಿಸಿಕೊಂಡು ತಾನಾಗಿ ನಿಲ್ಲುತ್ತದೆ. ಗಡ್ಡೆಯ ರಕ್ತವೂ ಹಾಗೆಯೇ ನಿಲ್ಲಬಲ್ಲದು, ತಿಂಗಳುಗಳ ನಂತರ ಮತ್ತೆ ಬರಬಲ್ಲದು. ಮೂಲವ್ಯಾಧಿ ನಿಜವಾಗಿಯೂ ಇದೆಯೆಂದು ಗೊತ್ತಾದರೂ, ಅದೇ ಮನುಷ್ಯನಿಗೆ ಮೇಲೆ ಇನ್ನೊಂದು ಕಾಯಿಲೆ ಇಲ್ಲವೆಂದು ಅದರಿಂದ ಸಿದ್ಧವಾಗುವುದಿಲ್ಲ. ಬಲಭಾಗದ ಕರುಳಿನ ಗಡ್ಡೆಯಂತೂ ಕಣ್ಣಿಗೆ ರಕ್ತವನ್ನೇ ತೋರಿಸದಿರಬಹುದು, ಏಕೆಂದರೆ ತೊಟ್ಟುತೊಟ್ಟಾಗಿ ಸೋರಿದ್ದು ಮಲದೊಡನೆ ಬೆರೆತುಹೋಗುತ್ತದೆ; ಹೊರಗೆ ಕಾಣುವುದು ಸುಸ್ತು ಮತ್ತು ಹಿಮೋಗ್ಲೋಬಿನ್ ಕುಸಿತ ಮಾತ್ರ. ಆದ್ದರಿಂದ ಐವತ್ತು ದಾಟಿದ ಗಂಡಸಿಗೆ ಕಬ್ಬಿಣಾಂಶದ ಕೊರತೆ ಕಂಡಾಗ, ಮಾತ್ರೆಯ ಜೊತೆಗೆ ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕದಿದ್ದರೆ ಚಿಕಿತ್ಸೆ ಅರ್ಧವೇ ಆದಂತೆ. (ಕಬ್ಬಿಣದ ಮಾತ್ರೆ ತಾನೇ ಮಲವನ್ನು ಕಪ್ಪಾಗಿಸುತ್ತದೆ, ಅದಕ್ಕೆ ಗಾಬರಿ ಬೇಡ, ಮಾತ್ರೆ ನುಂಗದೆಯೇ ಡಾಂಬರಿನಂತೆ ಕಪ್ಪಾದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಬೇಕು.)

ಎಲ್ಲರೂ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದ ಮೂಲಕ ಒಳಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಮಲಬದ್ಧತೆಯಿಂದ ಬಿರುಕು ಬಿಟ್ಟುಕೊಂಡ ಇಪ್ಪತ್ತೈದರ ಹುಡುಗನಿಗೆ ಸೊಪ್ಪು, ನೀರು, ಬಿಸಿನೀರಿನಲ್ಲಿ ಕೂರುವುದು ಇಷ್ಟೇ ಸಾಕಾಗುವುದು ಸಾಮಾನ್ಯ. ಆದರೆ ವಯಸ್ಸಾದವರಲ್ಲಿ, ತೂಕ ಇಳಿಯುತ್ತಿರುವವರಲ್ಲಿ, ಮಲವಿಸರ್ಜನೆಯ ಅಭ್ಯಾಸ ಇದ್ದಕ್ಕಿದ್ದಂತೆ ಬದಲಾದವರಲ್ಲಿ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದವರಲ್ಲಿ ಆ ಪರೀಕ್ಷೆಯನ್ನು ಮುಂದೂಡಲು ಕಾರಣವಿಲ್ಲ. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ, ಮತ್ತು ಪರೀಕ್ಷೆಯ ವೇಳೆಯಲ್ಲಿಯೇ ಅದನ್ನು ಕತ್ತರಿಸಿ ತೆಗೆಯಲು ಬಹಳಷ್ಟು ಸಲ ಸಾಧ್ಯವಾಗುತ್ತದೆ.

ಅದಕ್ಕೂ ಮೊದಲು ಆಗಬೇಕಾದದ್ದು, ಖರ್ಚೇ ಇಲ್ಲದ, ವೈದ್ಯರು ಗುದದ್ವಾರದೊಳಗೆ ಬೆರಳಿನಿಂದ ಮಾಡುವ ಪರೀಕ್ಷೆ. ರೋಗಿಗೆ ನಾಚಿಕೆ, ಹೊರರೋಗಿ ವಿಭಾಗದಲ್ಲಿ ಜನಜಂಗುಳಿ, ಪರದೆಯೂ ಇಲ್ಲದ ಕೋಣೆ. ಹೀಗಾಗಿ ಎಷ್ಟೋ ಕಡೆ ಅದನ್ನು ಬಿಟ್ಟು ಚೀಟಿ ಬರೆಯಲಾಗುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಒಂದು ಮರೆಯ ಮಂಚ ಮತ್ತು ಹೆಣ್ಣುಮಕ್ಕಳ ಜೊತೆ ನಿಲ್ಲಲು ಒಬ್ಬ ನರ್ಸ್ ಇದ್ದರೆ ಈ ಕೆಲಸ ಕೆಲವೇ ನಿಮಿಷಗಳದ್ದು. ಅಲ್ಲಿಯವರೆಗೆ, ‘ಒಮ್ಮೆ ಪರೀಕ್ಷಿಸಿ ನೋಡಿ, ಡಾಕ್ಟ್ರೇ’ ಎಂದು ರೋಗಿಯೇ ಕೇಳಬೇಕಾಗಿದೆ.