ಕರುಳಿನ ಉರಿಯೂತಕ್ಕೆ ಉಪವಾಸ ಹಿತವೇ?

ಪರ

ಮೈಸೂರಿನ ಅಗ್ರಹಾರದ ನಮ್ಮ ಮನೆಯಲ್ಲಿ ಏಕಾದಶಿಯ ದಿನ ಒಲೆ ಉರಿಯುತ್ತಿರಲಿಲ್ಲ. ದ್ವಾದಶಿಯ ಬೆಳಗ್ಗೆ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಗೊಜ್ಜು. ಅಮ್ಮ ಉಪವಾಸ ಇರುತ್ತಿದ್ದುದು ದೇವರಿಗಾಗಿ. ಆದರೆ "ಹೊಟ್ಟೆಗೂ ಹದಿನೈದು ದಿನಕ್ಕೊಮ್ಮೆ ಬಿಡುವು ಬೇಕು ಕಣೇ" ಎಂದೂ ಹೇಳುತ್ತಿದ್ದರು. ಆ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಹಸಿದ ಜೀವಕೋಶ ತನ್ನೊಳಗಿನ ಸವೆದ ಭಾಗಗಳನ್ನು ಪೊರೆಯಲ್ಲಿ ಸುತ್ತಿ, ಜೀರ್ಣಿಸಿ, ಮತ್ತೆ ಬಳಸಿಕೊಳ್ಳುತ್ತದೆ. ಇದೇ ಆಟೋಫೇಜಿ. ಜಪಾನಿನ ಯೋಶಿನೋರಿ ಓಸುಮಿ ಯೀಸ್ಟನ್ನು ಉಪವಾಸ ಕೆಡವಿಯೇ ಇದರ ಜೀನ್‌ಗಳನ್ನು ಪತ್ತೆಹಚ್ಚಿದರು. 2016ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ರೋಗನಿರೋಧಕ ಪಡೆಯಲ್ಲಿ ಉಳಿದ ಕೋಶಗಳ ಆವೇಶವನ್ನು ತಡೆಯುವ ನಿಯಂತ್ರಕ ಟಿ-ಕೋಶಗಳಿವೆ. ಉಂಡ ಅನ್ನವನ್ನೂ ಕರುಳಿನ ಬ್ಯಾಕ್ಟೀರಿಯಾವನ್ನೂ ಹಗೆಯೆಂದು ಬಗೆಯದಂತೆ ಕಾಯುವವು ಇವೇ. ಅದೇ 2016ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನದಲ್ಲಿ ಈ ಕೋಶಗಳಿಂದ ಆಟೋಫೇಜಿಯ ಜೀನೊಂದನ್ನು ತೆಗೆದಾಗ ಅವು ಕರುಳಿನಲ್ಲಿ ಕ್ಷೀಣಿಸಿದವು, ಕರುಳಿಗೆ ಉರಿಯೂತ ಹತ್ತಿತು.

ಸದಾ ಬಾಯಾಡಿಸುತ್ತಿದ್ದರೆ ಎಂ-ಟಾರ್ ಎಂಬ ಪ್ರೋಟೀನು ಚುರುಕಾಗಿಯೇ ಇದ್ದು ಆಟೋಫೇಜಿಯನ್ನು ಅದುಮುತ್ತದೆ. ಕಾಯಿಲೆ ಹತೋಟಿಯಲ್ಲಿರುವವರು ವೈದ್ಯರನ್ನು ಕೇಳಿಕೊಂಡು, ಸಂಜೆ ಏಳಕ್ಕೆ ಉಂಡು ಬೆಳಗಿನ ಏಳರವರೆಗೆ ಏನನ್ನೂ ಮುಟ್ಟದಿದ್ದರೆ ಸಾಕು. ಇದಕ್ಕಿಂತ ಹೆಚ್ಚಿನದನ್ನು ನಾನು ಕೇಳುತ್ತಿಲ್ಲ.

ವಿರೋಧ

ಅಷ್ಟಕ್ಕೇ ನಿಲ್ಲುವವರು ಎಷ್ಟು ಮಂದಿ? ಮಂಡ್ಯದಲ್ಲಿರುವ ನನ್ನ ತಮ್ಮನಿಗೆ ಕ್ರೋನ್ಸ್ ಕಾಯಿಲೆ, ಅಂದರೆ ಬಹುಕಾಲ ಕಾಡುವ ಕರುಳಿನ ಉರಿಯೂತ. ಮೊಬೈಲಿನಲ್ಲಿ ಯಾರದೋ ಭಾಷಣ ಕೇಳಿ ವಾರಕ್ಕೆ ಮೂರು ದಿನ ಬರೀ ನೀರು ಕುಡಿದ. "ಅಕ್ಕ, ಇನ್ನೆರಡು ವಾರ ತಡೆದುಕೊಂಡರೆ ಕರುಳು ತಾನೇ ಶುದ್ಧವಾಗುತ್ತದೆ" ಎಂದ. ಒಂದು ಸಂಜೆ ಹಿತ್ತಲಲ್ಲಿ ಕೂತು ಮೊಳೆ ಕಾಯಿಸಿ ಬೆಲ್ಟಿಗೆ ಹೊಸ ತೂತು ಕೊರೆಯುತ್ತಿದ್ದುದನ್ನು ಕಂಡೆ. ಅದು ಆ ತಿಂಗಳ ಎರಡನೆಯ ತೂತು.

ಮೇಲೆ ಹೇಳಿದ ಇಲಿಗಳನ್ನು ಯಾರೂ ಉಪವಾಸ ಕೆಡವಿರಲಿಲ್ಲ. ಅವುಗಳ ಜೀನ್ ಕಿತ್ತಿದ್ದರು. ಯಂತ್ರದ ಗಾಲಿ ತೆಗೆದರೆ ಯಂತ್ರ ನಿಲ್ಲುತ್ತದೆ ಎಂಬುದರಿಂದ, ಯಂತ್ರವನ್ನು ಜೋರಾಗಿ ಓಡಿಸಿದರೆ ಒಳಿತಾಗುತ್ತದೆ ಎಂದು ಸಿದ್ಧವಾಗುವುದಿಲ್ಲ. ಇನ್ನೂ ಗಂಭೀರವಾದ ಮಾತು ಬೇರೆಯೇ ಇದೆ. ಆಟೋಫೇಜಿಗೆ ಬೇಕಾದ ಎಟಿಜಿ16ಎಲ್1 ಎಂಬ ಜೀನಿನ, ಕ್ರೋನ್ಸ್ ಅಪಾಯವನ್ನು ಹೆಚ್ಚಿಸುವ ಒಂದು ರೂಪ 2007ರಲ್ಲೇ ಪತ್ತೆಯಾಯಿತು. ಆ ರೂಪದಿಂದ ಹುಟ್ಟುವ ಪ್ರೋಟೀನನ್ನು ಕ್ಯಾಸ್ಪೇಸ್-3 ಎಂಬ ಕಿಣ್ವ ಸುಲಭವಾಗಿ ಕತ್ತರಿಸುತ್ತದೆ ಎಂದು 2014ರಲ್ಲಿ ತಿಳಿದುಬಂತು. ಆ ರೂಪವನ್ನು ಹೊತ್ತ ಮ್ಯಾಕ್ರೊಫೇಜ್‌ಗಳನ್ನು (ರೋಗಾಣುಗಳನ್ನು ನುಂಗುವ ರಕ್ಷಕ ಕೋಶಗಳನ್ನು) ಹಸಿವಿಗೆ ಕೆಡವಿದಾಗ ಈ ಕತ್ತರಿಸುವಿಕೆ ಹೆಚ್ಚಿ, ಆಟೋಫೇಜಿ ಕುಗ್ಗಿತು. ಪ್ರಯೋಗಾಲಯದ ಸಂಗತಿ ನಿಜ. ಆದರೂ ಹಸಿವಿನಿಂದ ಆಟೋಫೇಜಿ ಏರುತ್ತದೆ ಎಂಬ ನಂಬಿಕೆಯೇ ಕೆಲವು ರೋಗಿಗಳಲ್ಲಿ ತಲೆಕೆಳಗಾಗಬಹುದು ಎಂದಾಗ, ನನ್ನ ತಮ್ಮನನ್ನು ಹಸಿದಿರು ಎನ್ನಲು ನನಗೆ ಧೈರ್ಯ ಸಾಲದು.

ನಿಯಂತ್ರಕ ಟಿ-ಕೋಶಗಳಿಗೂ ಊಟ ಬೇಕು. ಆಹಾರದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹುದುಗಿಸಿದಾಗ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ಹುಟ್ಟುತ್ತದೆ. ಇಲಿಗಳ ಕರುಳಿನಲ್ಲಿ ಈ ಕೋಶಗಳು ಹೆಚ್ಚಲು ಅದು ನೆರವಾಗುವುದು 2013ರಲ್ಲಿ ಕಂಡುಬಂದಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. (ಕರುಳು ಕಿರಿದಾಗಿರುವವರು, ಕಾಯಿಲೆ ಉಲ್ಬಣಿಸಿರುವವರು ನಾರನ್ನೂ ವೈದ್ಯರನ್ನು ಕೇಳಿಯೇ ತಿನ್ನಬೇಕು.) ಕ್ರೋನ್ಸ್ ಇರುವ ಮಕ್ಕಳಿಗೆ ಹಲವು ವಾರ ಪೂರ್ಣ ಪೋಷಣೆಯ ದ್ರವಾಹಾರವನ್ನಷ್ಟೇ ಕೊಟ್ಟು ಉರಿಯೂತ ಇಳಿಸುವ ಚಿಕಿತ್ಸೆ ಇದೆ. ಅದು ಉಣಿಸುವ ಚಿಕಿತ್ಸೆ, ಉಪವಾಸವಲ್ಲ.

ಆ ತಿಂಗಳ ಕೊನೆಗೆ ತಮ್ಮನಿಗೆ ರಕ್ತಭೇದಿ ಶುರುವಾಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಈಗ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾನೆ. ನಾನು ಶೋಧಿಸಿ ಕೊಡುವ ರಾಗಿ ಗಂಜಿಯನ್ನು ದಿನಕ್ಕೆ ಐದು ಸಲ, ಲೋಟದಷ್ಟೇ ಕುಡಿಯುತ್ತಾನೆ. ಬೆಲ್ಟು ಮತ್ತೆ ಹಳೆಯ ತೂತಿಗೆ ಬಂದಿದೆ.