ಜೋಡಿ ಟೇಬಲ್ಲೇ ಬೇಕೆಂದೇನಿಲ್ಲ
ಸೋಫಾದ ಎರಡೂ ಬದಿಗೆ ಒಂದೇ ಥರದ ಟೇಬಲ್ ಇರಬೇಕು ಅಂತ ಬರೆದಿದ್ದೀರಿ, ನಾನು ಒಪ್ಪಲ್ಲ. ನೋಡಬೇಕಾದ್ದು ಎತ್ತರ. ಟೇಬಲ್ಲಿನ ಹಲಗೆ ಸೋಫಾದ ಕೈಗೆ ಸಮನಾಗಿರಲಿ, ಇಲ್ಲವೇ ಒಂದೆರಡು ಇಂಚು ತಗ್ಗಿರಲಿ. ಕೂತಲ್ಲಿಂದಲೇ ಕಾಫಿ ಲೋಟ ಇಡಬಹುದು. ಎತ್ತರ ಹೊಂದಿದರೆ ಒಂದು ಕಡೆ ಅಜ್ಜನ ಕಾಲದ ಬೀಟೆ ಟೇಬಲ್, ಇನ್ನೊಂದು ಕಡೆ ಐರ್ಲೆಂಡಿನ ಪೀಠೋಪಕರಣ ವಿನ್ಯಾಸಕಿ ಐಲೀನ್ ಗ್ರೇ 1927ರಲ್ಲಿ ವಿನ್ಯಾಸ ಮಾಡಿದ ಉಕ್ಕು-ಗಾಜಿನ ದುಂಡು ಟೇಬಲ್ ಇಟ್ಟರೂ ಚಂದವೇ. ಅದನ್ನು ಬೇಕಾದಷ್ಟು ಏರಿಸಿ ಇಳಿಸಬಹುದು, ಪಾದ ಸೋಫಾದಡಿಗೆ ಜಾರುತ್ತೆ. ಚಿಕ್ಕ ಹಾಲ್‌ಗೆ ಬಹಳ ಅನುಕೂಲ.

ಹಳೇದು ಕೊಳ್ಳುವವರು ದಯವಿಟ್ಟು ಬೋರಲು ಹಾಕಿ ಅಡಿ ನೋಡಿ. ಕಾಲು ಅಲ್ಲಾಡಿದರೆ ಬಡಗಿ ಸರಿಮಾಡಿಕೊಡುತ್ತಾರೆ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಮಾತ್ರ ಒಳಗೆ ಹುಳ ಇದೆ ಅಂತಲೇ ಲೆಕ್ಕ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮನೆಗೆ ತರಬೇಡಿ.