ಸಮುದ್ರ ಉಂಟಲ್ಲ ಮಾರಾಯ್ರೆ!

ನಮ್ಮ ಊರಲ್ಲಿ ಸ್ವಚ್ಛತಾ ಅಭಿಯಾನ ಮುಗಿಯುವುದು ಬೆಂಕಿಯಲ್ಲಿ. ಉಡುಪಿಗೆ ಹತ್ತಿರದ, ಕಡಲ ಬದಿಯ ಊರು ನಮ್ಮದು. ಜನವರಿಯ ಭಾನುವಾರ ಬೆಳಿಗ್ಗೆ ಏಳಕ್ಕೇ ಎಲ್ಲರೂ ಹಾಜರ್. ತಲೆಗೆ ಪುಕ್ಕಟೆ ಟೋಪಿ, ಕೈಗೆ ಗ್ಲೌಸು, ಬೆನ್ನ ಹಿಂದೆ ಫ್ಲೆಕ್ಸು. ಪೊರಕೆ ಹಿಡಿದ ಫೋಟೊ ಮೊದಲು, ಗುಡಿಸುವುದು ಆಮೇಲೆ. ಗುಡಿಸುವುದೇನೋ ಚೆನ್ನಾಗಿಯೇ ಗುಡಿಸುತ್ತಾರೆ, ಸುಳ್ಳು ಹೇಳಬಾರದು. ಗೋಳಿಮರದ ತರಗೆಲೆ, ಒಣಗಿದ ಮಡಲು, ಹಾಲಿನ ತೊಟ್ಟೆ, ಹರಿದ ಬಲೆ, ಒಂಟಿ ಚಪ್ಪಲಿ, ಎಲ್ಲ ಒಂದೇ ರಾಶಿ. ಗೋಳಿಬಜೆ, ಚಾ ಮುಗಿದ ಮೇಲೆ ಅದರ ತಟ್ಟೆ, ಲೋಟಗಳೂ ಅಲ್ಲಿಗೇ. ಆಮೇಲೆ ಯಾರೋ ಒಬ್ಬರು ಕಿಸೆಯಿಂದ ಬೆಂಕಿಪೆಟ್ಟಿಗೆ ತೆಗೆಯುತ್ತಾರೆ.

ಕಳೆದ ಸಲ ಫ್ಲೆಕ್ಸನ್ನೂ ಬಿಡಲಿಲ್ಲ. 'ನಮ್ಮ ಊರು ಸ್ವಚ್ಛ ಊರು' ಅಂತ ಇತ್ತು ಅದರಲ್ಲಿ. ಅಂಚು ಸುರುಟಿಕೊಂಡಿತು. ಅಕ್ಷರಗಳ ಮೇಲೆ ಗುಳ್ಳೆ ಎದ್ದಿತು. ಆಮೇಲೆ ಒಂದೊಂದೇ ತೊಟ್ಟಾಗಿ ಉರಿಯುತ್ತಾ ಕೆಳಗೆ ಬಿತ್ತು. ಮೂಲೆಯಲ್ಲಿದ್ದ ಗಣ್ಯರ ಮುಖ ಮಾತ್ರ ಕೊನೆಯವರೆಗೂ ನಗುತ್ತಲೇ ಇತ್ತು. ಕಪ್ಪು ಹೊಗೆ ತೆಂಗಿನ ಮರದ ಎತ್ತರಕ್ಕೆ ಹೋಗಿ ಅಲ್ಲೇ ಅಡ್ಡಕ್ಕೆ ಹರಡಿ ನಿಂತಿತು. ಚಳಿಗಾಲದ ಬೆಳಿಗ್ಗೆ ಹಾಗೇ. ನೆಲದ ಹತ್ತಿರದ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ. ಹೊಗೆಗೆ ಮೇಲೆ ಹೋಗಲು ದಾರಿ ಇರುವುದಿಲ್ಲ.

"ಇದನ್ನೆಲ್ಲ ಸುಡಬಾರದಲ್ವಾ?" ಅಂತ ಕೆಮ್ಮುತ್ತಲೇ ಕೇಳಿದೆ.

"ಎಂತ ಆಗುದಿಲ್ಲ ಮಾರಾಯ್ರೆ, ಸಮುದ್ರ ಉಂಟಲ್ಲ! ಗಾಳಿ ತೆಕ್ಕೊಂಡು ಹೋಗ್ತದೆ," ಅಂದರು ಪಕ್ಕದಲ್ಲಿದ್ದ ಹಿರಿಯರು.

ತೆಗೆದುಕೊಂಡು ಹೋಗುವುದೇನೋ ನಿಜ. ರಾತ್ರಿಯಿಂದ ಬೆಳಿಗ್ಗೆವರೆಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ನೆಲಕ್ಕೆ. ಹಾಗಾಗಿ ಬೆಳಿಗ್ಗೆ ನಾವು ಬೀಳ್ಕೊಟ್ಟ ಹೊಗೆಯಲ್ಲಿ ಒಂದು ಪಾಲು, ವಿಳಾಸ ತಪ್ಪಿದ ಕಾಗದದ ಹಾಗೆ, ಕಳಿಸಿದವರ ಮನೆಗೇ ವಾಪಸ್ ಬರುತ್ತದೆ. ಆ ಹೊತ್ತಿಗೆ ನಾವು ಊಟ ಮುಗಿಸಿ ಜಗಲಿಯಲ್ಲಿ ಕೂತಿರುತ್ತೇವೆ. "ಆಹಾ, ಕಡಲ ಗಾಳಿ!" ಅಂತ ಎದೆ ತುಂಬ ಎಳೆದುಕೊಳ್ಳುತ್ತೇವೆ. ಬೆಂಗಳೂರಿನವರು ಇದಕ್ಕೆ ದುಡ್ಡು ಕೊಟ್ಟು ಹೋಂಸ್ಟೇಗೆ ಬರುತ್ತಾರೆ.

ಕಾನೂನು ಇಲ್ಲ ಅಂತಲ್ಲ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ನಮ್ಮಲ್ಲಿ ದಂಡ ಹಾಕಬೇಕಾದವರು ಬೆಂಕಿಪೆಟ್ಟಿಗೆ ತೆಗೆದವರ ಪಕ್ಕದಲ್ಲೇ ನಿಂತಿದ್ದರು. ಫೋಟೊದಲ್ಲಿದ್ದಾರೆ, ಬೇಕಾದರೆ ನೋಡಿ.

ಕಾಣುವ ಹೊಗೆಗಿಂತ ಕಣ್ಣಿಗೆ ಕಾಣದ ಸಣ್ಣ ಧೂಳೇ ಜಾಸ್ತಿ ಅಪಾಯವಂತೆ. ಪಿಎಂ 2.5 ಅನ್ನುವ ಆ ಧೂಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 15 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಲೆಕ್ಕದಲ್ಲಿ 60ರವರೆಗೂ ಅಡ್ಡಿಯಿಲ್ಲ. ಭಾರತೀಯರ ಶ್ವಾಸಕೋಶ ನಾಲ್ಕು ಪಟ್ಟು ಗಟ್ಟಿ ಅಂತಾಯಿತು. ಕಡಲ ಬದಿಯವರದ್ದು ಇನ್ನೂ ಗಟ್ಟಿ ಇರಬೇಕು, ಮೀನು ತಿನ್ನುತ್ತೇವಲ್ಲ! ಅಷ್ಟಾಗಿಯೂ ಯಾರಾದರೂ ಕೆಮ್ಮಿದರೆ ಟಿವಿಯಲ್ಲಿ ದೆಹಲಿ ತೋರಿಸಿ ಸಮಾಧಾನ ಮಾಡುತ್ತೇವೆ.

ಜೂನ್ ಬಂದರೆ ಎಲ್ಲ ಸರಿಹೋಗುತ್ತದೆ. ಮಳೆ ಹೊಯ್ದು ಹೊಯ್ದು ಧೂಳು ಇಳಿಯುತ್ತದೆ. ತರಗೆಲೆ ಒದ್ದೆಯಾಗಿ ಬೆಂಕಿ ಹತ್ತುವುದಿಲ್ಲ. ಮೀನುಗಾರಿಕೆಗೆ ರಜೆ, ಬೋಟುಗಳೂ ದಕ್ಕೆಯಲ್ಲಿ. ಮಳೆ ಮಾಡಿದ ಈ ಕೆಲಸವನ್ನು ತೋರಿಸಿ ನಮ್ಮ ಊರಿನವರು ಯಾವುದೋ ಪ್ರಶಸ್ತಿಗೆ ಅರ್ಜಿ ಹಾಕಿದ್ದಾರೆ ಅಂತ ಸುದ್ದಿ.

ಮೊನ್ನೆ ಗ್ರಾಮಸಭೆಯಲ್ಲಿ ಒಬ್ಬ ಹುಡುಗ ಎದ್ದು ನಿಂತ. "ಮೊಬೈಲು ನಮ್ಮ ಊರಿನ ಗಾಳಿಗೂ ಒಂದು ನಂಬರ್ ತೋರಿಸ್ತದೆ. ಊರಲ್ಲಿ ಅಳೆಯುವ ಯಂತ್ರವೇ ಇಲ್ಲ. ಒಂದು ತರಿಸುವ," ಅಂದ. ಒಳ್ಳೆಯ ಸಲಹೆ ಅಂತ ಎಲ್ಲರೂ ತಲೆ ಆಡಿಸಿದರು. ಆದರೆ ಅಳೆಯುವುದು ಯಾವಾಗ? ಡಿಸೆಂಬರ್, ಜನವರಿ ಬೇಡ, ಹೊಗೆ ಇರುವಾಗ ಅಳೆದರೆ ಗಾಳಿಯ ಸರಿಯಾದ ಲೆಕ್ಕ ಸಿಗುವುದಿಲ್ಲ ಅಂದರು ಒಬ್ಬರು. ಫೆಬ್ರವರಿಯಿಂದ ಜಾತ್ರೆ, ಕೋಲ, ಗರ್ನಾಲು. ಅದರ ಹೊಗೆ ಲೆಕ್ಕ ಹಾಕಿದರೆ ದೈವದ ಮುಂದೆ ಯಾರು ಉತ್ತರ ಕೊಡುವುದು? ಮೇಯಲ್ಲಿ ರಸ್ತೆ ಕೆಲಸ, ಬಿಲ್ ಪಾಸಾಗುವವರೆಗೆ ಧೂಳು ಇರಲೇಬೇಕು. ಅಕ್ಟೋಬರ್, ನವೆಂಬರ್ ಅಂದರೆ ದೀಪಾವಳಿ.

ಕೊನೆಗೆ ಜುಲೈಯಲ್ಲಿ ಮಾತ್ರ ಅಳೆಯುವುದು ಅಂತ ಸರ್ವಾನುಮತದ ನಿರ್ಣಯ ಆಯಿತು. ಯಂತ್ರಕ್ಕೆ ಮಳೆನೀರು ತಾಗದ ಹಾಗೆ ಮೇಲೊಂದು ಶೀಟು ಬೇಕಲ್ಲ? ಅದಕ್ಕೆ ಟೆಂಡರ್ ಕರೆದಾಗಿದೆ. ಯಂತ್ರದ ಹಣ ಬಂದ ಮೇಲೆ ನೋಡುವ ಅಂದರು.